ಲೇತಿನ ಚಕ್ಕು ಮತ್ತು ನನ್ನ ತಪ್ಪು

ಪರ್ಕಳದಲ್ಲಿ ನನ್ನ ಮಾವನದ್ದು ಒಂದು ಸಣ್ಣ ಲೇತ್ ಅಂಗಡಿ ಉಂಟು. ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತೇನೆ. ಲೇತ್ ಅಂದರೆ ಕಬ್ಬಿಣವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಎಚ್.ಎಂ.ಟಿ. ಕಾರ್ಖಾನೆ ವಾಚು ಮಾಡುವ ಮೊದಲು ಇಂತಹ ಯಂತ್ರಗಳನ್ನೇ ಮಾಡುತ್ತಿತ್ತಂತೆ.

ಲೇತಿನಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದರ ದವಡೆಗೆ ಜಾ ಎಂದು ಹೆಸರು. ಉರುಟು ಕಬ್ಬಿಣಕ್ಕೆ ಮೂರು ಜಾ ಇರುವ ಚಕ್, ಓರೆಕೋರೆ ಇದ್ದದ್ದಕ್ಕೆ ನಾಲ್ಕು ಜಾ ಇರುವ ಚಕ್. ಮಾವನ ಲೇತಿನಲ್ಲಿ ಚಕ್ಕನ್ನು ಬಾಟ್ಲಿಯ ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬೇಕು.

ಕಳೆದ ಬೇಸಿಗೆ ರಜೆಯಲ್ಲಿ ಒಂದು ದಿನ ಸಂಜೆ ಮಾವ, "ಇವತ್ತು ಮೂರು ಜಾದ ಚಕ್ ನೀನೇ ಹಾಕು" ಎಂದರು. ನನಗೆ ಖುಷಿಯೋ ಖುಷಿ. "ಥ್ರೆಡ್ ಒರಸಿದೆಯಾ?" ಎಂದು ಕೇಳಿದರು. ನಾನು ಒರಸಿರಲಿಲ್ಲ. ಆದರೂ "ಹೂಂ" ಎಂದೆ.

ಮರುದಿನ ಹಿರಿಯಡ್ಕ ಕಡೆಯ ಒಬ್ಬರು ಅಜ್ಜ ಪಂಪಿನ ಬಾಡಿ ತಂದರು. "ನೀರಿಲ್ಲದೆ ತೋಟ ಒಣಗ್ತಾ ಉಂಟು ಮಾರಾಯ್ರೆ, ಬೇಗ ಮಾಡಿ ಕೊಡಿ" ಎಂದರು. ಅದಕ್ಕೆ ನಾಲ್ಕು ಜಾದ ಚಕ್ ಬೇಕು. ಆದರೆ ನಾನು ಹಾಕಿದ ಚಕ್ ಎಷ್ಟು ತಿರುಗಿಸಿದರೂ ಬರಲೇ ಇಲ್ಲ! ಮಾವನಿಗೆ ಸಿಟ್ಟು ಬಂತು. ಕೆಲಸದ ಅಣ್ಣನಿಗೆ, "ನಿನ್ನೆ ಎಂತ ಕ್ಲೀನ್ ಮಾಡಿದ್ದು ನೀನು?" ಎಂದು ಬೈದರು. ಅಣ್ಣ ತಲೆ ತಗ್ಗಿಸಿದ. ನನ್ನ ಬಾಯಿ ಕಟ್ಟಿಹೋಯಿತು.

ಮಾವ ಸುತ್ತಿಗೆ ಮುಟ್ಟಲಿಲ್ಲ. ಮೊದಲು ಕರೆಂಟಿನ ಪ್ಲಗ್ ತೆಗೆದರು. ಸಂದಿಗೆ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದರು. ಚಕ್ ಬಿದ್ದರೆ ಬೆಡ್ಡೂ ಹಾಳು, ಬೆರಳೂ ಹಾಳು ಎಂದು ಅದರ ಕೆಳಗೆ ಹಲಗೆ ಇಟ್ಟರು. ಆಚೆ ಬದಿಯ ಜಾದ ಅಡಿಗೆ ಗಟ್ಟಿ ಮರದ ತುಂಡು ಕೊಟ್ಟರು. ಮತ್ತೆ ಬ್ಯಾಕ್ ಗೇರ್ ಹಾಕಿ ಬೆಲ್ಟನ್ನು ಕೈಯಲ್ಲೇ ಉಲ್ಟಾ ಎಳೆದರು. ಬ್ಯಾಕ್ ಗೇರಿನಲ್ಲಿ ವೇಗ ಕಡಿಮೆ, ಬಲ ಜಾಸ್ತಿ. ಜಾ ಮರಕ್ಕೆ ಒತ್ತಿ ನಿಂತಿತು, ಒಳಗಿನ ಸ್ಪಿಂಡಲ್ ಮಾತ್ರ ತಿರುಗಿತು. "ಟಕ್" ಎಂದು ಶಬ್ದ ಬಂತು. ಚಕ್ ಸಡಿಲವಾಯಿತು!

ಥ್ರೆಡ್ಡಿನಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಮಾವ, ಒರಸದೆ ಹಾಕಿದ್ದು ನಾನು. ನಿನ್ನೆ ಸುಳ್ಳು ಹೇಳಿದೆ" ಎಂದೆ. ಮಾವ ಬೈಯಲಿಲ್ಲ. "ನನಗೆ ಹೇಳಿದ್ದು ಸಾಕು, ಅವನಿಗೆ ಹೇಳು" ಎಂದರು. ಅಣ್ಣನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವನು ನಕ್ಕು ನನ್ನ ಕೈಗೆ ಬ್ರಶ್ಶು, ಚಿಮಿಣಿ ಎಣ್ಣೆ ಕೊಟ್ಟ. ಎರಡೂ ಕಡೆಯ ಥ್ರೆಡ್ ಉಜ್ಜಿ, ಬಟ್ಟೆಯಲ್ಲಿ ಒರಸಿ, ಒಂದು ಹನಿ ಎಣ್ಣೆ ಹಾಕಿದೆ. ಹೊಸ ಚಕ್ ಬೆರಳಿನಲ್ಲೇ ಸಲೀಸಾಗಿ ಹೋಗಿ ಕೂತಿತು. ಕೊನೆಗೆ ಕೈಯಲ್ಲಿ ಮಾತ್ರ ಬಿಗಿ ಮಾಡಿದೆವು. ಲೇತ್ ತಿರುಗುವಾಗ ಅದು ತಾನಾಗಿಯೇ ಇನ್ನೂ ಬಿಗಿಯಾಗುತ್ತದೆ. ಅದಕ್ಕೇ ಈ ಲೇತನ್ನು ಉಲ್ಟಾ ಓಡಿಸಬಾರದು, ಚಕ್ ಕಳಚಿ ಬಿದ್ದೀತು.

ಅಜ್ಜ ಸಂಜೆ ಬಸ್ಸಿಗೆ ಪಂಪು ತೆಗೆದುಕೊಂಡು ಹೋದರು. ಒರಸಲು ನನಗೆ ಎರಡು ನಿಮಿಷ ಸಾಕಿತ್ತು. ಒರಸದೆ ಇದ್ದದ್ದಕ್ಕೆ ಅವರ ಅರ್ಧ ದಿನ ಹೋಯಿತು, ಅಣ್ಣನಿಗೆ ಸುಮ್ಮನೆ ಬೈಗುಳ ಸಿಕ್ಕಿತು. ಈಗ ಮಾವ "ಒರಸಿದೆಯಾ?" ಎಂದು ಕೇಳಿದರೆ ನಾನು ಬಟ್ಟೆಯನ್ನೇ ತೋರಿಸುತ್ತೇನೆ.

– ಏಳನೇ ತರಗತಿ