ಕೆಂಪೇಗೌಡರಿಂದ ನಮ್ಮ ಮನೆಯವರೆಗೆ

ನಮ್ಮ ಊರಿನಲ್ಲಿ ತುಂಬಾ ಮನೆಯವರು "ನಾವು ಕೆಂಪೇಗೌಡರ ವಂಶದವರು" ಅಂತ ಹೇಳುತ್ತಾರೆ. ನಮ್ಮ ಮನೆಯವರೂ ಹೇಳುತ್ತಾರೆ. ನಿಮ್ಮಲ್ಲೂ ಕೆಲವರು ಹೇಳಿದ್ದೀರಿ. ಅದನ್ನು ತಿಳಿಯುವುದು ಹೇಗೆ ಅಂತ ನಾನು ದಸರಾ ರಜದಲ್ಲಿ ಎಲ್ಲರನ್ನೂ ಕೇಳಿದೆ. ಅದನ್ನೇ ನಮ್ಮ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ವಿಜಯನಗರದ ಅರಸರ ಕೈಕೆಳಗೆ ಆಳಿದವರು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಪೇಟೆಯನ್ನು ಮಾಡಿದರು. ಅವರ ಹಿರಿಯರು ಕಂಚಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ದೇವನಹಳ್ಳಿ ಹತ್ತಿರದ ಆವತಿಯಲ್ಲಿ ನಿಂತರು ಅಂತ ಕಥೆ ಇದೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಬೆಂಗಳೂರನ್ನು ಗೆದ್ದುಕೊಂಡ. ಆಮೇಲೆ ಆ ವಂಶದವರು ಮಾಗಡಿಯಲ್ಲಿ ಆಳಿದರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಹಿಡಿದರು. ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಆಗ ಆ ಮನೆತನದ ಒಬ್ಬರು ರಾತ್ರೋರಾತ್ರಿ ದನ ಹೊಡ್ಕೊಂಡು ಸಾರಕ್ಕಿ ಕೆರೆ ಕಡೆಗೆ ಬಂದುಬಿಟ್ರಂತೆ, ಅವರೇ ನಮ್ಮ ಮೂಲಪುರುಷರಂತೆ. ಇದು ದೊಡ್ಡಪ್ಪ ಹೇಳುವುದು. "ನೋಡ್ದೋರು ಯಾರಪ್ಪ?" ಅಂತ ಅಜ್ಜಿ ಕೇಳಿದರೆ ದೊಡ್ಡಪ್ಪನಿಗೆ ಕೋಪ ಬರುತ್ತೆ.

ಹಿಂದೆ ವಂಶ ಹೇಳುವುದಕ್ಕೇ ಹೆಳವರು ಎಂಬ ಜನ ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸಿಕೊಂಡು ಸುಗ್ಗಿ ಕಾಲದಲ್ಲಿ ಬಂದು, ಮನೆ ಮುಂದೆ ನಿಂತು ಅಪ್ಪ, ತಾತ, ಮುತ್ತಾತ ಅಂತ ಹೆಸರು ಹೇಳಿ ಹೊಗಳುತ್ತಿದ್ದರಂತೆ. ಹೊಗಳಿದಷ್ಟೂ ಮೊರ ತುಂಬ ರಾಗಿ ಕೊಡುತ್ತಿದ್ದರಂತೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಈಗಲೂ ಹೆಳವರು ಹೋಗುತ್ತಾರೆ, ಅವರ ಹತ್ತಿರ ಹಳೆಯ ಪುಸ್ತಕಗಳೂ ಇವೆ. ನಮ್ಮೂರಿನ ಹೊಲಗಳೆಲ್ಲ ಸೈಟು ಆದಮೇಲೆ ಇಲ್ಲಿಗೆ ಬರಲಿಲ್ಲ. ರಾಗಿ ಕೊಡೋಕೆ ಕಣವೇ ಇಲ್ಲವಲ್ಲ!

ಅದಕ್ಕೇ ದೊಡ್ಡಪ್ಪ ಜಯನಗರದ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಿಂದ ವಂಶವೃಕ್ಷದ ಪಟ ಮಾಡಿಸಿ ಅವರ ಮನೆಯ ಪಡಸಾಲೆಯಲ್ಲಿ ಹಾಕಿದ್ದಾರೆ. ಮೇಲೆ ಕೆಂಪೇಗೌಡರು ಪೇಟ ಕಟ್ಟಿ ಕತ್ತಿ ಹಿಡಿದಿದ್ದಾರೆ. ಎಲ್ಲಕ್ಕಿಂತ ಕೆಳಗೆ ನನ್ನ ತಮ್ಮ ಇದ್ದಾನೆ. ನಾನು ಇಲ್ಲ. ಮಧ್ಯೆ ಇರುವ ಹೆಸರುಗಳನ್ನು ಎಣಿಸಿದೆ, ಕೆಂಪೇಗೌಡರಿಂದ ತಮ್ಮನವರೆಗೆ 11 ತಲೆಮಾರು ಆಗುತ್ತೆ. 1537ರಿಂದ ಇಲ್ಲಿಗೆ ಹತ್ತಿರ ಹತ್ತಿರ 490 ವರ್ಷ. ಭಾಗಿಸಿದರೆ ಒಬ್ಬೊಬ್ಬ ತಾತನಿಗೂ 44 ವರ್ಷ ಆದಮೇಲೆ ಮಗು ಹುಟ್ಟಿರಬೇಕು. ಆ ಕಾಲದಲ್ಲಿ ಅಷ್ಟು ಹೊತ್ತಿಗೆ ಮೊಮ್ಮಕ್ಕಳೇ ಆಗಿರುತ್ತಿದ್ದರು. ಒಂದು ತಲೆಮಾರಿಗೆ 25 ವರ್ಷ ಹಿಡಿದರೆ ಸುಮಾರು 20 ಹೆಸರು ಬೇಕು. ಉಳಿದ 9 ತಾತಂದಿರು ಎಲ್ಲಿಗೆ ಹೋದರೋ!

ಗಣಿತದ ಮೇಷ್ಟ್ರ ಹತ್ತಿರ ಇದನ್ನು ತೋರಿಸಿದಾಗ ಅವರು ಇನ್ನೊಂದು ಲೆಕ್ಕ ಕೊಟ್ಟರು. ನನಗೆ ಅಪ್ಪ ಅಮ್ಮ ಇಬ್ಬರು. ಅಜ್ಜಿ ತಾತಂದಿರು ನಾಲ್ವರು. ಅದರ ಹಿಂದೆ ಎಂಟು ಜನ. ಹೀಗೆ ಎರಡರಿಂದ ಗುಣಿಸುತ್ತಾ ಹೋಗಿ ನೋಡಿ. 10ನೇ ತಲೆಮಾರಿಗೆ 1,024 ಜನ, 20ನೇ ತಲೆಮಾರಿಗೆ 10,48,576 ಜನ! ನಾನು ಎರಡು ಸಲ ಗುಣಿಸಿ ನೋಡಿದೆ, ಸರಿಯಾಗಿದೆ. ನಿಜವಾಗಿ ಅಷ್ಟು ಬೇರೆ ಬೇರೆ ಜನ ಇರಲ್ಲ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಮದುವೆ ಮಾಡ್ತಾರಲ್ಲ, ಅದರಿಂದ ಒಬ್ಬರೇ ಎರಡು ಮೂರು ಕಡೆ ಬರುತ್ತಾರೆ. ಆದರೂ ಲೆಕ್ಕಕ್ಕೆ ಸಿಗದಷ್ಟು ಜನ. ಅವರಲ್ಲಿ ಕೆಂಪೇಗೌಡರೂ ಒಬ್ಬರು ಇರಬಹುದು. ನಮ್ಮ ತರಗತಿಯ ಯಾರಿಗೆ ಬೇಕಾದರೂ ಇರಬಹುದು. ಆದರೆ ಪಟದಲ್ಲಿ ಹಾಕಿರುವುದು ಒಂದೇ ಒಂದು ಗೆರೆ, ಅದೂ ಗಂಡಸರದ್ದು. ಹಿರಿಯರಲ್ಲಿ ಅರ್ಧ ಜನ ಹೆಂಗಸರೇ ತಾನೇ? ಕೆಂಪೇಗೌಡರ ಮನೆಯ ಹೆಂಗಸರಲ್ಲಿ ನಮ್ಮೂರಿನವರಿಗೆಲ್ಲ ಗೊತ್ತಿರುವುದು ಸೊಸೆ ಲಕ್ಷ್ಮೀದೇವಿ ಒಬ್ಬರೇ. ಕೋಟೆ ಬಾಗಿಲು ನಿಲ್ಲಲಿ ಅಂತ ತಲೆ ಕೊಟ್ಟರು ಎಂಬ ಕಥೆ ಇರುವುದರಿಂದ. ಅವರ ಸಮಾಧಿ ಕೋರಮಂಗಲದಲ್ಲಿದೆ.

ಮೈಸೂರಿನ ವಿಷಯ ಸಮಾಜ ಪಾಠದ ಟೀಚರ್ ಹೇಳಿದರು. ಒಡೆಯರ ವಂಶ 1399ರಲ್ಲಿ ಯದುರಾಯರಿಂದ ಶುರುವಾಯಿತು ಎನ್ನುತ್ತಾರೆ. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ತೆಗೆದುಕೊಂಡರು. ಯದುವೀರರು ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ. ಅಂದರೆ ಅರಮನೆಗೇ ಹೆಣ್ಣುಮಕ್ಕಳ ಕಡೆಯಿಂದ ವಂಶ ಬಂದಿದೆ!

ಇದನ್ನು ಯಾಕೆ ಇಷ್ಟು ಬರೆದೆ ಅಂದರೆ, ನಮ್ಮ ಮನೆಯಲ್ಲಿ ಇನ್ನೊಂದು ವಂಶವೃಕ್ಷವೂ ಇದೆ. ಅದಕ್ಕೆ ಚಿತ್ರ ಇಲ್ಲ, ಬರೀ ಕಾಗದ. ನಮಗೆ ಉಳಿದಿರುವುದು ಹದಿನಾರು ಗುಂಟೆ. ಅದನ್ನು ಪಾಲು ಮಾಡಲು ಕಛೇರಿಗೆ ಕೊಡಬೇಕು. ಅದರಲ್ಲಿ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂರೇ ಹೆಸರು. ಅತ್ತೆಯ ಹೆಸರಿಲ್ಲ. ಅತ್ತೆ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ, ಗಾರ್ಮೆಂಟ್ಸಿಗೆ ಹೋಗ್ತಾರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಇದೆ ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು.

ನಾನು "ಅತ್ತೆ ಹೆಸರು ಎಲ್ಲಿ ದೊಡ್ಡಪ್ಪ?" ಅಂತ ಕೇಳಿದೆ. "ಅವ್ಳು ಬೇರೆ ಮನೆಗೆ ಹೋದೋಳು ಕಣಮ್ಮ" ಅಂದರು. ಅಜ್ಜಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು, "ನಾನೂ ಬೇರೆ ಮನೆಯಿಂದ ಬಂದೋಳೇ. ಹಂಗಾದ್ರೆ ನೀನು ಯಾವ ವಂಶದೋನು?" ಅಂದರು. ಯಾರೂ ಮಾತಾಡಲಿಲ್ಲ.

ಆ ರಾತ್ರಿ ಅಜ್ಜಿ ತನ್ನ ತಾಯಿ, ತಾಯಿಯ ತಾಯಿ, ಅವರ ತಾಯಿ, ಅವರ ಅತ್ತೆ, ಹೀಗೆ ಗೊತ್ತಿರುವ ಹೆಂಗಸರ ಹೆಸರನ್ನೆಲ್ಲ ಹೇಳಿದರು. ನಾನು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಒಂಬತ್ತು ಹೆಸರು ಸಿಕ್ಕಿದವು. ಅದರಲ್ಲಿ ಒಂದು ನನ್ನ ಹೆಸರೇ! ಅವರ ಹೆಸರನ್ನೇ ನನಗೆ ಇಟ್ಟಿದ್ದಂತೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಕಾಗದ ಇನ್ನೂ ಕಛೇರಿಗೆ ಹೋಗಿಲ್ಲ, ಬೀರುವಿನಲ್ಲಿದೆ. ಅತ್ತೆ ಹೆಸರು ಬರೆಸದೆ ಸಹಿ ಮಾಡಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ದೊಡ್ಡಪ್ಪ ಎರಡು ವಾರದಿಂದ ನಮ್ಮನೇಲಿ ಕಾಫಿ ಕುಡಿದಿಲ್ಲ.