ಬಾಯಿ ಬಿಟ್ಟು ಕೇಳೋಣ

ದವಾಖಾನೆಯ ಬಾಗಿಲಲ್ಲಿ ನಾವು ಚಪ್ಪಲಿ ಬಿಡುತ್ತೇವೆ. ಬಿಡಬೇಕೆಂದು ಅಲ್ಲಿ ಯಾರೂ ಬರೆದು ಹಾಕಿರುವುದಿಲ್ಲ. ಗೌಡರ ವಾಡೆಯ ಮುಂದೆ, ಕುಲಕರ್ಣಿಯವರ ಕಟ್ಟೆಯ ಮುಂದೆ, ಗುಡಿಯ ಮುಂದೆ ನಮ್ಮ ಮುತ್ಯಾಗಳು ಬಿಟ್ಟ ಚಪ್ಪಲಿ ಅದು. ಚಪ್ಪಲಿಯ ಜೊತೆಗೆ ಕೇಳಬೇಕಾದ ಮಾತನ್ನೂ ಹೊರಗೇ ಬಿಟ್ಟು ಒಳಗೆ ಹೋಗುತ್ತೇವೆ. ಕಂಕುಳಲ್ಲಿ ಮಾತ್ರ ಕೂಸು ಇರುತ್ತದೆ.

ನಾವು ಗುಂಡಗುರ್ತಿಯ ಕೇರಿಯವರು. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ನಮ್ಮ ಬೀಗರು ಬಿಜ್ಜರು ಇರುವ ಸೀಮೆ. ತೊಗರಿ ಹೊಲದ ಕೂಲಿ, ಫರಸಿ ಕಲ್ಲಿನ ಖಣಿ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸ, ಅದೂ ಸಿಗದಿದ್ದರೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ. ನಮ್ಮ ಕೇರಿಯ ಮುದುಕಿಯರನ್ನು "ಮಕ್ಕಳು ಎಷ್ಟು ಮಂದಿ ಆಯಿ?" ಎಂದು ಕೇಳಿದರೆ ಎರಡು ಲೆಕ್ಕ ಹೇಳುತ್ತಾರೆ. ಹಡೆದದ್ದು ಇಷ್ಟು, ಉಳಿದದ್ದು ಇಷ್ಟು. ಈ ಎರಡು ಲೆಕ್ಕಗಳ ನಡುವೆ ಹೋದ ಕೂಸುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ಒಂದು ಬ್ಯಾಸಗಿ. ನಮ್ಮೊಳಗಿನ ಒಂಬತ್ತು ತಿಂಗಳ ಕೂಸೊಂದಕ್ಕೆ ಎರಡು ದಿನದಿಂದ ಸಂಡಾಸ ಹತ್ತಿತ್ತು, ವಾಂತಿಯೂ ಇತ್ತು. "ನೀರ ಕುಡಿಸಬ್ಯಾಡ್ರಿ, ಕುಡಿಸಿದಷ್ಟೂ ಹೋಗ್ತದ" ಎಂದು ಅದರ ಆಯಿ ಹೇಳಿದಳು. ಆಕೆಯ ಆಯಿಯೂ ಹಾಗೇ ಹೇಳಿದ್ದಳು. ಮೂರನೆಯ ದಿನ ಕೂಸಿನ ಕಣ್ಣು ಒಳಗೆ ಹೋದವು, ಅತ್ತರೆ ಕಣ್ಣೀರು ಬರಲಿಲ್ಲ. ಕೂಲಿ ಬಿಟ್ಟು, ಸಾಲ ಮಾಡಿ ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಒಯ್ದೆವು.

"ಎಷ್ಟ ದಿನ ಆಯ್ತು?"

"ಮೂರ ದಿನ ಆಯ್ತುರಿ ಸಾಹೇಬ್ರ."

"ಇಷ್ಟ ದಿನ ಏನ್ ಮಾಡ್ತಿದ್ರಿ? ಹೊಲಸಿನ್ಯಾಗ ಬಿಟ್ಟು ಬೆಳಸ್ತೀರಿ, ಸಾಯೋ ಹೊತ್ತಿಗಿ ಹೊತ್ಕೊಂಡು ಬರ್ತೀರಿ."

ಸಲಾಯಿನ್ ಹಚ್ಚಿದರು. ಸಂಜೆಗೆ ಮೂರು ಬಾಟ್ಲಿ ಔಷಧಿ ಬರೆದುಕೊಟ್ಟು ಕಳಿಸಿದರು. ತಾಯಿಯ ಬಾಯಲ್ಲಿ ಒಂದೇ ಮಾತು ಇತ್ತು: ಮನೆಗೆ ಹೋದ ಮೇಲೆ ನೀರು ಕುಡಿಸಬೇಕೋ ಬ್ಯಾಡೋ? ಆಕೆ ಕೇಳಲಿಲ್ಲ. ನಾವೂ ಕೇಳಲಿಲ್ಲ. ಬೈಸಿಕೊಂಡ ಬಾಯಿ ಮತ್ತೆ ತೆರೆಯಲಿಲ್ಲ. ರಾತ್ರಿ ಕೂಸಿಗೆ ಮತ್ತೆ ಸಂಡಾಸ ಶುರುವಾಯಿತು, ನಾವು ಮತ್ತೆ ನೀರು ನಿಲ್ಲಿಸಿದೆವು. ಓಣಿಯ ಆಶಾ ಕಾರ್ಯಕರ್ತೆ ಓಡಿ ಬಂದು, ಒಂದು ಓಆರ್‌ಎಸ್ ಪಾಕೀಟು ಒಡೆದು, ಒಂದು ಲೀಟರ್ ನೀರಿನಲ್ಲಿ ಕಲಸಿ, ಬೆಳತನಕ ಚಮಚೆ ಚಮಚೆ ಕುಡಿಸಿದಳು. ಕೂಸು ಉಳಿಯಿತು. ಕೇಳದೆ ಬಿಟ್ಟ ಒಂದು ಮಾತು ಅದನ್ನು ತೆಗೆದುಕೊಂಡು ಹೋಗುವುದರಲ್ಲಿತ್ತು.

ಗೆಳೆಯರೆ, ಇದನ್ನು ನಮ್ಮ ಅಜ್ಞಾನ ಎನ್ನುತ್ತಾರೆ. ಈ ಅಜ್ಞಾನ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರರ ಕತೆ ದಾಖಲು ಮಾಡಿದ್ದಾರೆ. ಆ ಮಾಸ್ತರರ ಕಾಗದ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಹೆಂಡತಿ ಹಡೆದು ಎರಡು ದಿನಕ್ಕೆ ಜಡ್ಡಿಗೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ, ಬಾಣಂತಿಯನ್ನೇ ಹೊರಗೆ ತರಬೇಕಾಯಿತು. ಥರ್ಮಾಮೀಟರನ್ನು ಡಾಕ್ಟರು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟರು, ಅವನು ಮಾಸ್ತರರಿಗೆ ಕೊಟ್ಟ, ಮಾಸ್ತರರು ಹೆಂಡತಿಗೆ ಇಟ್ಟರು. ತಿರುಗಿಯೂ ಅದೇ ದಾರಿ. ಮುಟ್ಟಿ ನೋಡದೆಯೇ ನ್ಯುಮೋನಿಯಾ ಎಂದರು. ಆ ಹೆಣ್ಣುಮಗಳು ಸತ್ತಳು.

ಬಾಬಾಸಾಹೇಬರ ಮನೆಯಲ್ಲೂ ಎರಡು ಲೆಕ್ಕ ಇತ್ತು. ರಮಾಬಾಯಿ ಹಡೆದದ್ದು ಐದು, ಉಳಿದವನು ಯಶವಂತ ಒಬ್ಬನೇ. ಗಂಗಾಧರ, ರಮೇಶ, ಇಂದು ಹೋದರು. ಕೊನೆಯ ಕೂಸು ರಾಜರತ್ನ 1926ರಲ್ಲಿ ಹೋದ. ವಿದೇಶದ ದೊಡ್ಡ ದೊಡ್ಡ ಪದವಿಗಳನ್ನು ಪಡೆದು ಬಂದ ತಂದೆಯ ಮನೆಯಲ್ಲೇ ಹೀಗಾದರೆ ಖಣಿಯಲ್ಲಿ ಕಲ್ಲು ಒಡೆಯುವವರ ಮನೆಯ ಮಾತೇನು?

ಮುಟ್ಟದ ಡಾಕ್ಟರ ಮುಂದೆ ಕೈಮುಗಿದು ನಿಂತವರ ಮೊಮ್ಮಕ್ಕಳು ನಾವು. ಈಗ ಡಾಕ್ಟರು ಮುಟ್ಟುತ್ತಾರೆ, ನಮ್ಮ ಮಕ್ಕಳೇ ಕೆಲವರು ಡಾಕ್ಟರಾಗಿದ್ದಾರೆ. ಆದರೆ ಆ ಕೈಮುಗಿದ ನಿಲುವು ನಮ್ಮ ಮೈಯಿಂದ ಇನ್ನೂ ಹೋಗಿಲ್ಲ. ಒಳಗೆ ಹೋದರೆ "ಒಂದು ಸೂಜಿ ಮಾಡ್ರಿ ಸಾಹೇಬ್ರ" ಅನ್ನುವುದೊಂದೇ ನಮಗೆ ಗೊತ್ತಿರುವ ಮಾತು.

ಆ ಕೂಸು ಉಳಿದ ಮೇಲೆ ಒಂದು ಸಂಜೆ ಕೇರಿಯ ಕಟ್ಟೆಯ ಮೇಲೆ ಕುಂತೆವು. ಆಶಾ, ಅಂಗನವಾಡಿ ಟೀಚರು, ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿರುವ ನಮ್ಮದೇ ಓಣಿಯ ಹುಡುಗಿ ಇದ್ದರು. ಡಾಕ್ಟರ ಮುಂದೆ ಕೇಳದೆ ನುಂಗಿದ್ದನ್ನೆಲ್ಲ ಇಲ್ಲಿ ಕೇಳಿರಿ ಎಂದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಿಲ್ಲಲೇ ಇಲ್ಲ.

ಮೊದಲನೆಯದು ನೀರಿನ ಮಾತೇ. ಸಂಡಾಸ ಹತ್ತಿದ ಕೂಸು ಸಾಯುವುದು ಸಂಡಾಸದಿಂದಲ್ಲ, ಮೈಯ ನೀರು ಮತ್ತು ಉಪ್ಪು ಹೋಗಿ ಒಣಗುವುದರಿಂದ. ಎದೆಹಾಲು ನಿಲ್ಲಿಸಬಾರದು. ಪಾಕೀಟಿನ ನೀರನ್ನು ಪ್ರತಿ ಸಲ ಸಂಡಾಸ ಆದ ಮೇಲೆ, ಎರಡು ವರ್ಷದೊಳಗಿನ ಕೂಸಿಗೆ ಕಾಲು ಕಪ್ಪಿನಿಂದ ಅರ್ಧ ಕಪ್ಪು ಕೊಡಬೇಕು. ಕಕ್ಕಿದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನಕ್ಕೆ. ಕಲಸಿದ್ದನ್ನು ಒಂದು ದಿನದ ಮೇಲೆ ಇಡಬಾರದು. ಪಾಕೀಟು ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಆರು ಚಮಚೆ ಸಕ್ಕರಿ, ಅರ್ಧ ಚಮಚೆ ಉಪ್ಪು. ಉಪ್ಪು ಹೆಚ್ಚಾದರೆ ಕೇಡು. ಜೊತೆಗೆ ಝಿಂಕ್ ಗುಳಿಗೆ ಹದಿನಾಲ್ಕು ದಿನ: ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣದಕ್ಕೆ ಅರ್ಧ. ಸಂಡಾಸ ನಿಂತಿತೆಂದು ನಡುವೆ ಬಿಡಬಾರದು.

"ಇಷ್ಟೇ ಏನವ್ವಾ? ಉಪ್ಪು, ಸಕ್ಕರಿ, ನೀರು?" ಎಂದು ಒಬ್ಬ ಆಯಿ ಕೇಳಿದಳು. ಆಕೆ ಹಡೆದದ್ದು ಏಳು, ಉಳಿದದ್ದು ಮೂರು. ನಾವು ಯಾರೂ ಮಾತಾಡಲಿಲ್ಲ.

ಇಷ್ಟೇ ಆಯಿ. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಿತ್ತು. ಸಲಾಯಿನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟರು. ಕುಡಿಸಿದವರು ಡಾಕ್ಟರಲ್ಲ, ರೋಗಿಗಳ ಅಕ್ಕತಂಗಿಯರು, ಅವ್ವಂದಿರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಮನೆ ಮಠ ಕಳಕೊಂಡು ಬಂದ ಬಡವರ ಕೈಯಲ್ಲೇ ಈ ವಿದ್ಯೆ ಗೆದ್ದಿತು. ಅಂಥ ವಿದ್ಯೆ ಐವತ್ತು ವರ್ಷ ಆದಮೇಲೂ ನಮ್ಮ ಆಯಿಗೆ ಮುಟ್ಟಿರಲಿಲ್ಲ. ಅಕ್ಷರ ಮುಟ್ಟದಿದ್ದ ಹಾಗೆ ಇದೂ ಮುಟ್ಟಿರಲಿಲ್ಲ.

ಆಮೇಲೆ ಕೆಮ್ಮಿನ ಮಾತು ಬಂತು. ಒಲೆಯ ಹೊಗೆ, ಕಲ್ಲಿನ ಧೂಳು, ಸಿಮೆಂಟಿನ ಧೂಳು ಉಣ್ಣುವ ನಮ್ಮ ಮಕ್ಕಳು ಕೆಮ್ಮುತ್ತಲೇ ಇರುತ್ತಾರೆ. ಯಾವ ಕೆಮ್ಮಿಗೆ ಹೆದರಬೇಕು? ನರ್ಸಿಂಗ್ ಹುಡುಗಿ ಮೊಬೈಲಿನ ಗಡಿಯಾರ ಹಿಡಿದು ತೋರಿಸಿದಳು. ಕೂಸು ಅಳದೆ ಸುಮ್ಮನಿರುವಾಗ ಹೊಟ್ಟೆಯ ಮೇಲಿನ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಒಂದರಿಂದ ಐದು ವರ್ಷದವರಿಗೆ 40. ಅಷ್ಟು ಮುಟ್ಟಿದರೂ ಸರಿ, ದಾಟಿದರೂ ಸರಿ, ಪಕ್ಕಿ ಒಳಗೆ ಎಳಕೊಂಡರೂ ಸರಿ, ಅದು ನ್ಯುಮೋನಿಯಾ ಇರಬಹುದು. ತಾಯತ ಕಟ್ಟುತ್ತ ಕೂಡುವ ಹೊತ್ತಲ್ಲ. 108ಕ್ಕೆ ಫೋನು ಮಾಡಬೇಕು. ಬರೀ ನೆಗಡಿ ಕೆಮ್ಮಾದರೆ ಅಂಗಡಿಯ ಸಿರಪ್ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಅಂಥ ಸಿರಪ್ ಬರೆಯಬಾರದೆಂದು ಕೇಂದ್ರ ಸರಕಾರವೇ ಆಗ ತಿಳಿಸಿತು.

"ಜ್ವರ ಬಂದ್ರ ಕಂಬಳಿ ಹೊಚ್ಚಬೇಕಲ್ಲ?" ಬೇಡ, ತೆಳ್ಳನ ಅಂಗಿ ಸಾಕು, ಹಾಲು ನೀರು ಕೊಡುತ್ತಿರಬೇಕು. ಪ್ಯಾರಾಸಿಟಮಾಲ್ ಎಷ್ಟು ಎಂಬುದು ಕೂಸಿನ ತೂಕದ ಮೇಲೆ ಹೋಗುತ್ತದೆ, ಕೇಳಿ ತಿಳಿದೇ ಹಾಕಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. "ಲಸಿಕಿ ಹಾಕಿಸಿದ ದಿನಾನೇ ಜ್ವರ ಬರ್ತಾವಲ್ಲ, ಮತ್ಯಾಕ ಹಾಕಸಬೇಕು?" ರೋಗವನ್ನು ಗುರುತು ಹಿಡಿಯಲು ಮೈ ಕಲಿಯುತ್ತಿರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. "ಹಲ್ಲು ಬರೂವಾಗ ಸಂಡಾಸ ಹತ್ತೂದು ಖರೇನ?" ಹಲ್ಲಿನಿಂದ ಅಲ್ಲ. ಆ ವಯಸ್ಸಿನಲ್ಲಿ ಕೂಸು ತೆವಳುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅದರಿಂದ. "ಮೊದಲಿನ ಹಳದಿ ಹಾಲು ಹಿಂಡಿ ಚೆಲ್ತೀವಲ್ಲ?" ಚೆಲ್ಲಬಾರದು, ರೋಗ ತಡೆಯುವ ಗುಣ ಅದರಲ್ಲೇ ಹೆಚ್ಚು. ಹುಟ್ಟಿದ ಗಂಟೆಯೊಳಗೆ ಕುಡಿಸಬೇಕು. ಆರು ತಿಂಗಳ ತನಕ ಎದೆಹಾಲು ಬಿಟ್ಟು ಜೇನುತುಪ್ಪ, ನೀರು, ಏನೂ ಬೇಡ.

ಚುಟಿಗಿಯ ಮಾತು ಬಂದಾಗ ನಗಲಿಲ್ಲ. ನಮ್ಮಲ್ಲಿ ಹಲವರ ಹೊಟ್ಟೆಯ ಮೇಲೆ ಆ ಸುಟ್ಟ ಕಲೆ ಇದೆ. ಕಾಮಾಲೆಗೆ, ಹೊಟ್ಟೆ ಉಬ್ಬರಕ್ಕೆ, ನೆದರಿಗೆ ಕಾದ ಕಬ್ಬಿಣ. ಸುಟ್ಟ ಗಾಯ ಕೂಸಿಗೆ ಇನ್ನೊಂದು ರೋಗ ಕೊಡುತ್ತದೆಯೇ ಹೊರತು ಇದ್ದ ರೋಗ ತೆಗೆಯುವುದಿಲ್ಲ. ಅದು ನಿಲ್ಲಬೇಕು. ಆದರೆ ನಮ್ಮ ಆಯಿಗಳನ್ನು ಬೈಯಲು ನಮಗೆ ಮನಸ್ಸಿಲ್ಲ. ರಾತ್ರಿ ಕೂಸು ಕಿರುಚಿದಾಗ ಅವರ ಕೈಗೆ ಸಿಕ್ಕಿದ್ದು ಒಲೆಯ ಬೆಂಕಿ ಒಂದೇ. ಅವರ ಬಾಗಿಲಿಗೆ ಬೇರೆ ಯಾರು ಬಂದಿದ್ದರು?

ಕೊನೆಗೆ, ಕೂಸು ಉಳಿದ ತಾಯಿಯೇ ಕೇಳಿದಳು: "ಎಲ್ಲಾ ನೀವು ಹೇಳಿದ್ಹಂಗ ಮಾಡ್ತೀನಿ. ಖರೆ, ನನ್ನ ಕೂಸು ಯಾಕ ಮೈ ಹಿಡಿಯಾವಲ್ದು?"

ಆರು ತಿಂಗಳಾದ ಮೇಲೆ ಹಾಲಿನ ಜೊತೆ ಬ್ಯಾಳಿ, ಮೆತ್ತನ ಅನ್ನ, ನೆನೆಸಿದ ರೊಟ್ಟಿ, ಎಣ್ಣೆ ಹನಿ, ತತ್ತಿ ಕೊಡಬೇಕು, ದಿನಕ್ಕೆ ಮೂರು ನಾಲ್ಕು ಸಲ ಎಂದು ಅಂಗನವಾಡಿ ಟೀಚರು ಹೇಳಿದರು. ಸರಿ. ಮುಂಜಾನೆ ಹೊಲಕ್ಕೆ ಹೋಗಿ ಸಂಜೆ ಬರುವ ತಾಯಿ ನಾಲ್ಕು ಸಲ ಹೇಗೆ ಉಣಿಸಬೇಕು? ತೊಗರಿ ಬೆಳೆಯುವ ಸೀಮೆಯಲ್ಲಿ ತೊಗರಿ ಕೊಯ್ಯುವವಳ ಮನೆಯಲ್ಲಿ ಬ್ಯಾಳಿ ಕಟ್ಟು ತೆಳ್ಳಗೆ ಯಾಕೆ? ಈ ಪ್ರಶ್ನೆಗೆ ಡಾಕ್ಟರ ಚೀಟಿಯಲ್ಲಿ ಉತ್ತರ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, 65 ಮಕ್ಕಳಿಗೆ ರಕ್ತಹೀನತೆ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತಿ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಯ ಊಟಕ್ಕೆ ತತ್ತಿ ಬಂದಾಗ ಕೆಲವು ಮಠಾಧೀಶರು ಬೇಡವೆಂದು ಎದ್ದರು. ನಮ್ಮ ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂದು ಹೇಳಲು ಅವರು ಯಾರು? ಗಂಗಾವತಿಯ ಒಬ್ಬ ಶಾಲೆಯ ಹುಡುಗಿ ಬಾಯಿ ಬಿಟ್ಟು ಅದನ್ನೇ ಕೇಳಿದಳು. ತತ್ತಿ ಉಳಿಯಿತು, ಮುಂದೆ ಇಡೀ ರಾಜ್ಯದ ಶಾಲೆಗಳಿಗೆ ಬಂತು. 2022ರಲ್ಲಿ ರಾಯಚೂರು ನಗರದಲ್ಲಿ ನಳದ ಹೊಲಸು ನೀರು ಕುಡಿದು ಜನ ಸತ್ತರು. ಕುದಿಸಿ ಕುಡಿಯಿರಿ ಎಂದು ನಮಗೆ ಹೇಳುವವರು ಚರಂಡಿಯಲ್ಲಿ ಪೈಪು ಹಾಯಿಸಿದವರನ್ನು ಏನೂ ಕೇಳುವುದಿಲ್ಲ.

ಅದಕ್ಕೇ ನಾವು ಎರಡು ಬಾಗಿಲ ಮುಂದೆ ಕೇಳಬೇಕು. ದವಾಖಾನೆಯ ಬಾಗಿಲಲ್ಲಿ ಮೂರು ಮಾತು: ಕೂಸಿಗಿ ಏನಾಗ್ಯಾದ? ಮನ್ಯಾಗ ಏನ್ ಮಾಡಬೇಕು? ಏನ್ ಕಂಡ್ರ ತಿರುಗಿ ಓಡಿ ಬರಬೇಕು? ಪಂಚಾಯಿತಿಯ ಬಾಗಿಲಲ್ಲಿ ಇನ್ನು ಮೂರು: ನಮ್ಮ ಓಣಿಯ ನೀರು ಯಾಕೆ ಹೊಲಸು? ಅಂಗನವಾಡಿಯ ತತ್ತಿ, ಬ್ಯಾಳಿ ಪೂರ್ತಿ ಬಂದವೇ? ಉದ್ಯೋಗ ಖಾತ್ರಿಯ ಕೂಲಿ ಎಲ್ಲಿ? ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಕೂಸು ಈ ಸಲ ಉಳಿದು ಮುಂದಿನ ಸಲ ಹೋಗುತ್ತದೆ.

ಹಳ್ಳಿಯ ಶಾಲೆಗಳಲ್ಲಿರುವ ಗೆಳೆಯರೆ, ಉಸಿರು ಎಣಿಸುವುದನ್ನು, ಉಪ್ಪು ಸಕ್ಕರಿ ನೀರನ್ನು ಏಳನೆಯ ಇಯತ್ತೆಯ ಹುಡುಗ ಹುಡುಗಿಯರಿಗೆ ಕಲಿಸಿರಿ. ಅವರು ಮನೆಗೆ ಒಯ್ಯುತ್ತಾರೆ. ಬಾಯಿ ಬಿಟ್ಟು ಕೇಳುವುದನ್ನೂ ಅವರಿಗೆ ಕಲಿಸಿರಿ.

ಮಳೆಗಾಲದಲ್ಲಿ ಅದೇ ಕೂಸಿಗೆ ಕೆಮ್ಮು ಹತ್ತಿತು. ತಾಯಿ ಉಸಿರು ಎಣಿಸಿದಳು. ಐವತ್ತೆಂಟು. ತಡಮಾಡದೆ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಚೀಟಿ ಬರೆದು ಮುಂದಿನವರನ್ನು ಕರೆಯುವಷ್ಟರಲ್ಲಿ ಆಕೆ ಕುಂತಲ್ಲೇ ಹೇಳಿದಳು: "ತಡೀರಿ ಸಾಹೇಬ್ರ. ನಂದು ಮೂರು ಮಾತು ಅವ." ಡಾಕ್ಟರು ತಲೆ ಎತ್ತಿ ನೋಡಿದರು. ಆಮೇಲೆ ಒಂದೊಂದಾಗಿ ಹೇಳಿದರು. ಆಕೆ ಕಾಲಲ್ಲಿ ಚಪ್ಪಲಿ ಇದ್ದವು.