ದೇವರ ಮಗನ ರೊಕ್ಕ

ನಾಣ್ಯ ಅಂದರೆ ಬರೀ ರೊಕ್ಕ ಅಲ್ಲ, ಅದು ಅರಸನ ಡಂಗುರ. ಅಕ್ಷರ ಬಾರದವರ ಕೈಗೂ ಹೋಗಿ ಮುಟ್ಟೋ ಡಂಗುರ.

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮಿನ 163 ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯೊಳಗೂ ಸಿಕ್ಕಾವು. ಮೆಣಸು, ಮುತ್ತು, ಅರಿವೆ ಕೊಂಡುಕೊಳ್ಳಲು ಹಡಗು ಹತ್ತಿ ಈ ದೇಶಕ್ಕೆ ಬಂದ ಬೆಳ್ಳಿ ಅದು. ನಮ್ಮ ಮನೆತನದಾಗ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನಾವು ಜಮಖಂಡಿಯಲ್ಲಿ ಓದುವಾಗ ಪುಸ್ತಕದಾಗ ಇಂಥ ನಾಣ್ಯಗಳ ಚಿತ್ರ ನೋಡಿದೆವು.

ಅಗಸ್ಟಸನ ತಲೆಯ ಸುತ್ತ ಬರೆದದ್ದು: ದೇವರ ಮಗ. ಜೂಲಿಯಸ್ ಸೀಸರನನ್ನು ಸತ್ತ ಮೇಲೆ ದೇವರು ಮಾಡಿದರು. ಅವನ ದತ್ತುಮಗ ತಾನಾಗೇ ದೇವರ ಮಗನಾದ. ಎಷ್ಟು ಸಲೀಸು ನೋಡ್ರಿ! ಹಿಂದಿನ ಮಗ್ಗುಲಿಗೆ ಅವನ ಮೊಮ್ಮಕ್ಕಳು ಗಾಯಸ್, ಲೂಸಿಯಸ್, ಗುರಾಣಿ ಭರ್ಚಿ ಇಟ್ಟುಕೊಂಡು ನಿಂತಾರ. ಮೇಲೆ ಪೂಜಾರಿಗಳ ಸೌಟು, ಕೋಲು. ಪಟ್ಟವೂ ನಮ್ಮದು, ಪೂಜೆಯೂ ನಮ್ಮದು ಅಂತ. ಮುಂದೆ ಬಂದ ಟೈಬೀರಿಯಸನ (ಕ್ರಿ.ಶ. 14-37) ನಾಣ್ಯದ ಮೇಲೆ 'ಮಹಾಪುರೋಹಿತ' ಅಂತಲೇ ಐತಿ.

ಇವಕ್ಕಿಂತ ಹಳೆಯದೊಂದು ನಮ್ಮನ್ನು ಹೆಚ್ಚು ಕಾಡಿತು. ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರ ಸುಮಾರಿಗೆ ಹೊಡೆಸಿದ್ದು. ಎರಡು ಬಾಕು, ನಡುವೆ ಒಂದು ಟೊಪ್ಪಿಗೆ. ಬಿಡುಗಡೆಯಾದ ಗುಲಾಮ ಹಾಕೋ ಟೊಪ್ಪಿಗೆ ಅದು! ಗುಲಾಮರನ್ನು ದುಡಿಸಿಕೊಂಡ ಮಂದಿ ತಮ್ಮ ಸ್ವಾತಂತ್ರ್ಯದ ಗುರುತಿಗೆ ಗುಲಾಮನ ಟೊಪ್ಪಿಗೆ ಕಡ ತಗೊಂಡರು. ಗುಲಾಮ ಮಾತ್ರ ಗುಲಾಮನಾಗೇ ಉಳಿದ. ಇಂಥವರನ್ನು ನಾವು ಮುಧೋಳ, ಬೀಳಗಿಯ ಚುನಾವಣೆ ಭಾಷಣದಾಗ ಕಂಡೇವಿ.

ನಮ್ಮವರಿಗೆ ರೊಕ್ಕದ ಮೇಲಿನ ಮುಖಕ್ಕಿಂತ ಅದನ್ನು ಕೊಡೋ ಕೈ ದೊಡ್ಡ ಪಾಠ ಕಲಿಸೈತಿ. ಬನಹಟ್ಟಿಯೊಳಗ ಕಂಡಿಕಿ ಸುತ್ತಿ ಬದುಕಿದ ನಮ್ಮ ಆಯಿ, ತನ್ನವ್ವ ಅನುಭವಿಸಿದ್ದನ್ನು ಹೇಳತಾಳ: ಅಂಗಡಿಯವ ಇವರ ರೊಕ್ಕಕ್ಕ ನೀರು ಚಿಮುಕಿಸಿ ತಗೋತಿದ್ದ, ಚಿಲ್ಲರೆ ಮ್ಯಾಲಿಂದ ಉದುರಸ್ತಿದ್ದ. ಆ ರೂಪಾಯಿ ಮೇಲೆ ಇಂಗ್ಲೆಂಡಿನ ಚಕ್ರವರ್ತಿ ಇದ್ದ. ನಮ್ಮ ಕೈ ತಾಗಿದರೆ ಚಕ್ರವರ್ತಿಗೂ ಮೈಲಿಗೆ!

1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಪುಸ್ತಕ ತಂದ ಬಾಬಾಸಾಹೇಬರ ಮುಖ 1990ರಲ್ಲಿ ಒಂದು ರೂಪಾಯಿ ನಾಣ್ಯದ ಮೇಲೆ ಬಂತು. ಅಂಥದೊಂದನ್ನು ಆಯಿ ಜಗಲಿ ಮೇಲಿಟ್ಟು ಕುಂಕುಮ ಹಚ್ಯಾಳ. ಅವರನ್ನೂ ದೇವರು ಮಾಡಬ್ಯಾಡಬೇ ಅಂತ ನಾವು ಜಗಳ ತಗೀತೀವಿ. ಆಕಿ ಕೇಳಂಗಿಲ್ಲ.

"ಈ ರೂಪಾಯಿಗೆ ಯಾವಾತ ನೀರು ಚಿಮುಕಸ್ತಾನೋ ಕರಕೊಂಡು ಬಾ, ನೋಡೂಣು" ಅಂತಾಳ.